ಹಣ್ಣು ಮಾರುವ ಕೂಗಿನ ಮೇಲೆ ಕಟ್ಟಿದ ಹಾಡು: ಮಧ್ಯಯುಗದ ಫ್ರೆಂಚ್ ಮೋಟೆಟ್ ಕೇಳುವ ಬಗೆ

ಮೂವರು ಒಟ್ಟಿಗೆ ಹಾಡಲು ಶುರು ಮಾಡುತ್ತಾರೆ. ಒಬ್ಬನ ಬಾಯಲ್ಲಿ ಒಕ್ಕಣೆ, ತೂರುವುದು, ಅಗೆಯುವುದು, ಉಳುವುದು. ಜನ ಇದನ್ನೆಲ್ಲ ಹೊಗಳುತ್ತಾರೆ, ನನಗಂತೂ ಒಗ್ಗುವುದಿಲ್ಲ. ತಿಳಿಯಾದ ವೈನು, ಕೊಬ್ಬಿದ ಕೋಳಿ, ಕುಶಾಲಿನ ಗೆಳೆಯರು, ಚೆಂದದ ಹೆಂಗಸರು ಇದ್ದರೆ ಅದೇ ಬದುಕು ಅನ್ನುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬ, ಪ್ಯಾರಿಸ್ಸಿನಲ್ಲಿ ಬೆಳಗ್ಗೆ ಸಂಜೆ ಏನೇನು ಸಿಗುತ್ತದೆ ಎಂದು ಪಟ್ಟಿ ಒಪ್ಪಿಸುತ್ತಾನೆ: ಒಳ್ಳೆ ರೊಟ್ಟಿ, ಒಳ್ಳೆ ವೈನು, ಮಾಂಸ, ಮೀನು, ಬಗೆಬಗೆಯ ಸಂಗಾತಿಗಳು. ಇಬ್ಬರ ಕೆಳಗೆ ಮೂರನೆಯವನು ಬೀದಿಯ ಹಣ್ಣಿನ ಕೂಗು ಹಾಕುತ್ತಾನೆ: ಹೊಸ ಸ್ಟ್ರಾಬೆರಿ! ಒಳ್ಳೊಳ್ಳೆ ಬ್ಲ್ಯಾಕ್‌ಬೆರಿ!

ಇದು 13ನೇ ಶತಮಾನದ ಕೊನೆಯ ಒಂದು ಮೋಟೆಟ್. ಮೂರು ದನಿಗಳೂ ಬೇರೆ ಬೇರೆ ಸಾಹಿತ್ಯ ಹಾಡುವುದರಿಂದ ಮೂರರ ಮೊದಲ ಮಾತುಗಳನ್ನೂ ಸೇರಿಸಿಯೇ ಹೆಸರು ಹೇಳಬೇಕು: ‘ಓನ್ ಪರೋಲೆ / ಆ ಪಾರಿಸ್ / ಫ್ರೆಸೆ ನುವೆಲೆ’. ಕಟ್ಟಿದವರು ಯಾರೆಂದು ಹಸ್ತಪ್ರತಿಯಲ್ಲಿ ಬರೆದಿಲ್ಲ. ಆ ಕಾಲದ ಮೋಟೆಟ್‌ಗಳಲ್ಲಿ ಹೆಚ್ಚಿನವು ಅನಾಮಿಕವೇ.

ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಹೇಳುವುದು ಒಂದೇ: ಯಾರ ಮಾತೂ ಕೇಳಿಸುವುದಿಲ್ಲ, ಸಂತೆಯ ಹಾಗಿದೆ. ತಪ್ಪು ಕಿವಿಯದ್ದಲ್ಲ, ಕೇಳಲು ಹೊರಟ ದಿಕ್ಕಿನದು. ಒಂದು ಹಾಡು, ಅದಕ್ಕೆ ಪಕ್ಕವಾದ್ಯ ಎಂಬ ಲೆಕ್ಕದಲ್ಲಿ ಮೇಲಿನ ದನಿಗೆ ಕಿವಿ ಕೊಟ್ಟರೆ ಮೋಟೆಟ್ ಕೈಗೆ ಸಿಗುವುದಿಲ್ಲ. ಅದನ್ನು ಕಟ್ಟಿದ್ದು ಕೆಳಗಿನಿಂದ, ಕೇಳಬೇಕಾದ್ದೂ ಕೆಳಗಿನಿಂದ. 1300ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಸಂಗೀತದ ಬಗ್ಗೆ ಬರೆದ ಯೊಹಾನೆಸ್ ದೆ ಗ್ರೊಕೇಯೊ, ಮನೆಗೆ ಅಡಿಪಾಯ ಹೇಗೋ ಉಳಿದ ದನಿಗಳಿಗೆ ಟೆನರ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಗೆ ಅನ್ನುತ್ತಾನೆ. ಅವನೇ ಇನ್ನೊಂದು ಕಡೆ, ಮೋಟೆಟ್ ಸಾಮಾನ್ಯ ಜನರ ಮುಂದೆ ಹಾಡುವಂಥದ್ದಲ್ಲ, ಅದರ ಸೂಕ್ಷ್ಮ ಅವರಿಗೆ ಹತ್ತುವುದಿಲ್ಲ, ಓದಿದವರ ಕೂಟಕ್ಕೇ ಸರಿ ಎಂದೂ ಬರೆದಿದ್ದಾನೆ. ಈ ಮಾತು ತುಸು ಜಂಬದ್ದು. ಸ್ಟ್ರಾಬೆರಿ ಮಾರುವವರ ಕೂಗನ್ನೇ ಅಡಿಪಾಯಕ್ಕೆ ಹಾಕಿಕೊಂಡ ಕೃತಿ ಅವನ ಕಾಲದಲ್ಲೇ, ಅವನ ಊರಲ್ಲೇ ಇತ್ತು.

ಟೆನರ್ ಅಂದರೆ ಏನು

ಇಲ್ಲಿ ಟೆನರ್ ಅಂದರೆ ಈಗಿನ ಅರ್ಥದ ಗಂಡು ಕಂಠದ ಬಗೆಯಲ್ಲ. ಲ್ಯಾಟಿನ್ನಿನ ‘ಹಿಡಿದುಕೊಳ್ಳು’ ಎಂಬ ಕ್ರಿಯಾಪದದಿಂದ ಬಂದ ಹೆಸರು. ಮೊದಲೇ ಇರುವ ಒಂದು ರಾಗದ ತುಣುಕನ್ನು ಹಿಡಿದು ನಿಲ್ಲುವ ದನಿ. ಅದರ ಮೇಲಿನ ದನಿ ಮೋಟೆಟುಸ್, ಅದರ ಮೇಲಿನದು ಟ್ರಿಪ್ಲಮ್, ಅಂದರೆ ಮೂರನೆಯದು. ‘ಮೋಟೆಟ್’ ಹುಟ್ಟಿದ್ದು ಫ್ರೆಂಚಿನ ‘ಮೊ’ದಿಂದ, ಮಾತು ಎಂದರ್ಥ. ಕೃತಿಯ ಹುಟ್ಟಿನ ಕಥೆ ಆ ಹೆಸರಿನಲ್ಲೇ ಇದೆ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ 12ನೇ ಶತಮಾನದ ಕೊನೆಗೆ ಪಠಣದ, ಅಂದರೆ ಪೂಜೆಯಲ್ಲಿ ಹಾಡುವ ಲ್ಯಾಟಿನ್ ಪ್ರಾರ್ಥನೆಯ, ರಾಗದ ಮೇಲೆ ಇನ್ನೊಂದು ದನಿ ಸೇರಿಸಿ ಹಾಡುವ ಪದ್ಧತಿ ಬಲವಾಗಿ ಬೆಳೆಯಿತು. ಲೆಯೊನಿನ್, ಪೆರೊಟಿನ್ ಎಂಬ ಇಬ್ಬರ ಹೆಸರು ಅದಕ್ಕೆ ಅಂಟಿಕೊಂಡಿದೆ. ಪಠಣದ ಒಂದೇ ಪದದ ಮೇಲೆ, ಕೆಲವೊಮ್ಮೆ ಒಂದೇ ಅಕ್ಷರದ ಮೇಲೆ, ಮೇಲಿನ ದನಿ ‘ಆ... ಆ...’ ಎಂದು ಸ್ವರಗಳನ್ನು ಹೆಣೆಯುತ್ತ ಹೋಗುತ್ತಿತ್ತು. ಎರಡೂ ದನಿ ಲೆಕ್ಕದ ಲಯದಲ್ಲಿ ನಡೆಯುವ ಇಂಥ ಭಾಗಕ್ಕೆ ಕ್ಲೌಸುಲ ಎಂದು ಹೆಸರು. ಆ ಮಾತಿಲ್ಲದ ಮೇಲಿನ ಎಳೆಗೆ ಯಾರೋ ಹೊಸ ಮಾತು ಕೂರಿಸಿದರು, ಒಂದು ಸ್ವರಕ್ಕೆ ಒಂದು ಅಕ್ಷರ. ಮಾತು ಬಂತು, ಮೋಟೆಟ್ ಆಯಿತು. ಮೊದಲು ಆ ಮಾತು ಲ್ಯಾಟಿನ್, ಭಕ್ತಿಯದ್ದು. ಆಮೇಲೆ ಫ್ರೆಂಚ್ ಬಂತು, ಪ್ರೇಮ ಬಂತು, ಮೂರನೆಯ ದನಿಗೆ ಮೂರನೆಯ ಸಾಹಿತ್ಯ ಬಂತು, ಇಡೀ ವಸ್ತು ಚರ್ಚಿನಿಂದ ಹೊರಗೆ ನಡೆಯಿತು.

ಹೊರಗೆ ಬಂದರೂ ಟೆನರ್ ಮಾತ್ರ ಬಹುಕಾಲ ಪಠಣದ್ದೇ ಆಗಿ ಉಳಿಯಿತು. ಈಸ್ಟರ್ ದಿನದ ಪಠಣದ ‘ಇನ್ ಸೆಕುಲುಮ್’ ಎಂಬ ಎರಡು ಪದಗಳ ರಾಗದ ಮೇಲೆ ಕಟ್ಟಿದ ಮೋಟೆಟ್‌ಗಳು ಲೆಕ್ಕವಿಲ್ಲದಷ್ಟಿವೆ. ಮೇಲೆ ಒಬ್ಬ ನಲ್ಲೆಯನ್ನು ನೆನೆದು ಕೊರಗುತ್ತಿರುತ್ತಾನೆ, ಇನ್ನೊಬ್ಬ ವಸಂತವನ್ನು ಹೊಗಳುತ್ತಿರುತ್ತಾನೆ, ಕೆಳಗೆ ದೇವರ ಪಠಣ. ಇಂಥ ಟೆನರ್‌ಗೆ ಹಸ್ತಪ್ರತಿಯಲ್ಲಿ ಒಂದೆರಡು ಪದವಷ್ಟೇ ಬರೆದಿರುತ್ತದೆ. ಹಾಗಾಗಿ ಅದನ್ನು ಹಾಡಬೇಕೋ ವಾದ್ಯದಲ್ಲಿ ನುಡಿಸಬೇಕೋ ಎಂಬ ಚರ್ಚೆ ಇಂದಿಗೂ ಇದೆ. ಮೂರೂ ದನಿ ಹಾಡಿದರೇ ಒಪ್ಪ ಎಂದು ನನ್ನ ಕಿವಿ ಹೇಳುತ್ತದೆ: ವಾದ್ಯದ ನಾದ ಕಂಠದ ನಾದದಲ್ಲಿ ಬೆರೆಯದೆ ಪಕ್ಕಕ್ಕೆ ನಿಂತರೆ ಟೆನರ್ ಮತ್ತೆ ‘ಪಕ್ಕವಾದ್ಯ’ವಾಗಿಬಿಡುತ್ತದೆ. ನಮ್ಮ ಪ್ಯಾರಿಸ್ ಮೋಟೆಟ್‌ನಲ್ಲಿ ಈ ತಕರಾರೇ ಇಲ್ಲ. ಟೆನರ್‌ಗೆ ಪೂರ್ತಿ ಮಾತಿದೆ, ಮಾತು ಫ್ರೆಂಚ್, ರಾಗ ಬೀದಿಯದ್ದು. ಕೂಗು ಸುಮಾರು 15 ಅಕ್ಷರದ್ದು. ಸ್ಟ್ರಾಬೆರಿ ಒಂದು ಸಲ, ಬ್ಲ್ಯಾಕ್‌ಬೆರಿ ಮತ್ತೆ ಮತ್ತೆ. ಅದೇ ಕೂಗು ನಾಲ್ಕು ಸಲ ಬರುತ್ತದೆ, ಕೃತಿ ಮುಗಿಯುತ್ತದೆ.

ಪುಟದ ಮೇಲೆ

ಈ ಕೃತಿ ಇರುವುದು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರದ ವಿಶ್ವವಿದ್ಯಾಲಯ ಗ್ರಂಥಾಲಯದ ವೈದ್ಯಕೀಯ ವಿಭಾಗದಲ್ಲಿ, ಎಚ್ 196 ಎಂಬ ಸಂಖ್ಯೆಯ ಹಸ್ತಪ್ರತಿಯಲ್ಲಿ. ಬರೆದದ್ದು ಪ್ಯಾರಿಸ್ಸಿನಲ್ಲಿ ಎಂಬುದು ಸಾಮಾನ್ಯ ಅಭಿಪ್ರಾಯ. ಎಂಟು ವಿಭಾಗಗಳಲ್ಲಿ 300ಕ್ಕೂ ಹೆಚ್ಚು ಬಹುಧ್ವನಿ ಕೃತಿಗಳಿವೆ, ಬಹುಪಾಲು ಮೋಟೆಟ್‌ಗಳು. ನಮ್ಮದು ಏಳನೆಯ ವಿಭಾಗದಲ್ಲಿ. ಎತ್ತರ 19 ಸೆಂಟಿಮೀಟರಿನ ಆಸುಪಾಸು, ಇಂದಿನ ಸಾಮಾನ್ಯ ಕಾದಂಬರಿಯಷ್ಟು. ಗಾಯಕರ ದೊಡ್ಡ ಗುಂಪು ಎದುರಿಗಿಟ್ಟುಕೊಂಡು ಹಾಡುವಂಥ ಪುಸ್ತಕವಲ್ಲ, ಕೈಯಲ್ಲಿ ಹಿಡಿಯುವಂಥದ್ದು.

ಪುಟದ ವಿನ್ಯಾಸ ನೋಡಿದರೆ ಮೋಟೆಟ್‌ನ ಅರ್ಧ ಗುಟ್ಟು ಬಿಡುತ್ತದೆ. ಎಡಗಡೆಯ ಕಂಬದಲ್ಲಿ ಟ್ರಿಪ್ಲಮ್, ಬಲಗಡೆ ಮೋಟೆಟುಸ್, ಅಡಿಯಲ್ಲಿ ಪುಟದಗಲಕ್ಕೂ ಟೆನರ್. ದನಿಗಳನ್ನು ಒಂದರ ಕೆಳಗೊಂದು ಸ್ವರಕ್ಕೆ ಸ್ವರ ಹೊಂದಿಸಿ ಬರೆದಿಲ್ಲ. ಕಾರಣ ಸರಳ: ಮೇಲಿನ ದನಿಗಳಲ್ಲಿ ಪ್ರತಿ ಸ್ವರಕ್ಕೂ ಒಂದು ಅಕ್ಷರ, ಜಾಗ ಬೇಕು; ಟೆನರ್‌ಗೆ ಸ್ವರಗಳೂ ಕಡಿಮೆ, ಪದಗಳೂ ಕಡಿಮೆ. ಒಂದರ ಕೆಳಗೊಂದು ಬರೆದರೆ ಟೆನರ್‌ನ ಸಾಲು ಬಹುಪಾಲು ಖಾಲಿ ಚರ್ಮ. ಚರ್ಮದ ಹಾಳೆ ಅಗ್ಗದ್ದಲ್ಲ.

ಇದರ ಪರಿಣಾಮ ಹಾಡುವವರ ಮೇಲೆ. ನಿಮ್ಮ ದನಿಯಷ್ಟೇ ನಿಮಗೆ ಕಾಣುತ್ತದೆ, ಉಳಿದವರು ಆ ಕ್ಷಣ ಯಾವ ಸ್ವರದಲ್ಲಿದ್ದಾರೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಗೆರೆ ಎಳೆದ ತಾಳದ ವಿಭಾಗಗಳೂ ಇಲ್ಲ. ಎಣಿಕೆ ಮತ್ತು ಕಿವಿ, ಎರಡೇ ಆಸರೆ.

ಒಂದು ಸ್ವರಕ್ಕೆ ಒಂದು ಅಕ್ಷರ ಎಂಬ ನಿಯಮ ಇನ್ನೂ ದೊಡ್ಡ ಒಂದು ಬದಲಾವಣೆಗೆ ಕಾರಣವಾಯಿತು. ನೋತ್ರ್ ದಾಮ್‌ನ ಲಿಪಿಯಲ್ಲಿ ಸ್ವರಗಳನ್ನು ಎರಡೋ ಮೂರೋ ಒಟ್ಟಿಗೆ ಬೆಸೆದು ಬರೆಯುತ್ತಿದ್ದರು, ಬೆಸುಗೆಗಳ ಕ್ರಮ ನೋಡಿ ಆರು ಲಯಮಾದರಿಗಳಲ್ಲಿ ಇದು ಯಾವುದು ಎಂದು ಗುರುತಿಸುತ್ತಿದ್ದರು. ಮೊದಲನೆಯದು ಉದ್ದ-ಗಿಡ್ಡ, 2+1 ಎಣಿಕೆ. ಎರಡನೆಯದು ಅದರ ತಿರುವು, 1+2. ಮೂರನೆಯದು 3+1+2, ನಾಲ್ಕನೆಯದು 1+2+3, ಐದನೆಯದರಲ್ಲಿ ಎಲ್ಲ 3, ಆರನೆಯದರಲ್ಲಿ ಎಲ್ಲ 1. ಎಲ್ಲವೂ ಮೂರರ ಗುಂಪು. ಮೂರು ಕ್ರೈಸ್ತರ ತ್ರಿತ್ವದ ಸಂಖ್ಯೆ, ಹಾಗಾಗಿ ಪರಿಪೂರ್ಣ ಎಂದು ಅವರ ಸಮರ್ಥನೆ. ಆದರೆ ಪ್ರತಿ ಸ್ವರದ ಕೆಳಗೂ ಬೇರೆ ಅಕ್ಷರ ಬಂದ ಮೇಲೆ ಸ್ವರಗಳನ್ನು ಬೆಸೆಯುವಂತಿಲ್ಲ. ಬೆಸುಗೆ ಹೋಯಿತು, ಅದರ ಜತೆ ಲಯದ ಸುಳಿವೂ ಹೋಯಿತು. ಈಗ ಒಂದೊಂದು ಸ್ವರವೂ ತನ್ನ ಅಳತೆಯನ್ನು ತಾನೇ ಹೇಳಬೇಕು.

ಅದಕ್ಕೆ ಉತ್ತರ 1280ರ ಸುಮಾರಿಗೆ ಕಲೋನ್‌ನ ಫ್ರಾಂಕೊ ಎಂಬ ಸಂಗೀತಶಾಸ್ತ್ರಕಾರ ಬರೆದಿಟ್ಟ ಪದ್ಧತಿ. ಚೌಕಕ್ಕೆ ಬಾಲವಿದ್ದರೆ ಲಾಂಗ, ಅಂದರೆ ಉದ್ದ; ಬಾಲವಿಲ್ಲದ ಚೌಕ ಬ್ರೆವಿಸ್, ಅಂದರೆ ಗಿಡ್ಡ; ವಜ್ರದಾಕಾರ ಸೆಮಿಬ್ರೆವಿಸ್, ಇನ್ನೂ ಗಿಡ್ಡ. ಆಕಾರ ಕಂಡರೂ ಅಳತೆ ಅಕ್ಕಪಕ್ಕದವರನ್ನು ನೋಡಿಯೇ ತೀರ್ಮಾನವಾಗುತ್ತದೆ. ಉದ್ದದ ಮುಂದೆ ಉದ್ದವೇ ಬಂದರೆ ಮೊದಲನೆಯದಕ್ಕೆ 3 ಎಣಿಕೆ. ಉದ್ದದ ಮುಂದೆ ಒಂದೇ ಗಿಡ್ಡ ಬಂದರೆ ಉದ್ದ 2ಕ್ಕೆ ಇಳಿದು ಗಿಡ್ಡಕ್ಕೆ 1 ಬಿಟ್ಟುಕೊಡುತ್ತದೆ. ಎರಡು ಉದ್ದಗಳ ನಡುವೆ ಎರಡು ಗಿಡ್ಡ ಸಿಕ್ಕರೆ ಮೊದಲ ಗಿಡ್ಡಕ್ಕೆ 1, ಎರಡನೆಯದಕ್ಕೆ 2.

ಒಂದು ಸಾಲು ಬಿಡಿಸಿ ನೋಡೋಣ: ಉದ್ದ, ಗಿಡ್ಡ, ಗಿಡ್ಡ, ಉದ್ದ, ಗಿಡ್ಡ, ಉದ್ದ, ಉದ್ದ. ಅಳತೆ ಹೀಗೆ ಬೀಳುತ್ತದೆ: 3, 1, 2, 2, 1, 3, 3. ಒಟ್ಟು 15 ಎಣಿಕೆ, ಮೂರರ ಐದು ಗುಂಪು. ಹೊಸಬರು ಎಡವುವುದು ಮೂರನೆಯ ಸ್ವರದಲ್ಲಿ. ಎರಡೂ ಗಿಡ್ಡ ಒಂದೇ ಆಕಾರದಲ್ಲಿವೆ, ಕಣ್ಣು ಎರಡಕ್ಕೂ 1 ಎಂದು ಓದುತ್ತದೆ. ಹಾಗೆ ಓದಿದವನು ಒಂದು ಎಣಿಕೆ ಮುಂದೆ ಹೋಗುತ್ತಾನೆ. ಇದೇ ತಪ್ಪು ಮೂರು ಸಲವಾದರೆ ಒಂದಿಡೀ ಗುಂಪು ಮುಂದೆ. ಆಗ ಮತ್ತೆ ‘ಸಮ’ಕ್ಕೆ ಬಂದಂತೆ ಅವನಿಗನ್ನಿಸುತ್ತದೆ, ಕೆಳಗಿನ ಸ್ವರ ಮಾತ್ರ ಬೇರೆ. ಮೋಟೆಟ್ ಹಾಡುವಾಗ ‘ಲಯ ಸರಿಯಿದೆ, ಆದರೂ ಕರ್ಕಶ’ ಎನ್ನಿಸಿದರೆ ಮೊದಲು ಹುಡುಕಬೇಕಾದ ತಪ್ಪು ಇದೇ.

ಕಟ್ಟುವ ಕ್ರಮ

ಸ್ವಂತವಾಗಿ ಒಂದು ಮೋಟೆಟ್‌ನ ಅಸ್ಥಿಪಂಜರ ಮಾಡಿ ನೋಡಿದರೆ ಉಳಿದದ್ದು ಬೇಗ ಹತ್ತುತ್ತದೆ. ಪಠಣದಿಂದ 10 ಸ್ವರದ ಒಂದು ತುಣುಕು ಆರಿಸಿಕೊಳ್ಳಿ. ಅದಕ್ಕೆ ಐದನೆಯ ಲಯಮಾದರಿ ಹಾಕಿ: ಮೂರು ಉದ್ದ ಸ್ವರ, ಆಮೇಲೆ ಅಷ್ಟೇ ಉದ್ದದ ಒಂದು ಮೌನ. ನೋತ್ರ್ ದಾಮ್ ಕಾಲದ ಟೆನರ್‌ಗಳಲ್ಲಿ ಇದು ಬಹಳ ಸಾಮಾನ್ಯ ಅಚ್ಚು. ಅಚ್ಚಿನಲ್ಲಿ ಸ್ವರ 3, ರಾಗದಲ್ಲಿ ಸ್ವರ 10, ಎರಡೂ ಭಾಗವಾಗುವುದಿಲ್ಲ. ಹಾಗಾಗಿ ರಾಗ ಮೂರು ಸುತ್ತು, ಅಚ್ಚು ಹತ್ತು ಸುತ್ತು ಬಂದ ಮೇಲೆ 30ನೇ ಸ್ವರದಲ್ಲಿ ಎರಡೂ ಒಟ್ಟಿಗೆ ಮುಗಿಯುತ್ತವೆ. ಮೌನದ ಲೆಕ್ಕವೂ ಸೇರಿದರೆ ಮೂರೆಣಿಕೆಯ 40 ಗುಂಪು, ಒಟ್ಟು 120 ಎಣಿಕೆ.

ಇದರಲ್ಲೇನು ಸ್ವಾರಸ್ಯ? ಮೊದಲ ಸುತ್ತಿನಲ್ಲಿ ಮೌನ ಬರುವುದು ರಾಗದ 3, 6, 9ನೇ ಸ್ವರಗಳ ನಂತರ. ಎರಡನೆಯ ಸುತ್ತಿನಲ್ಲಿ 2, 5, 8ರ ನಂತರ. ಮೂರನೆಯದರಲ್ಲಿ 1, 4, 7, 10ರ ನಂತರ. ರಾಗ ಅದೇ, ಅಚ್ಚೂ ಅದೇ, ಆದರೆ ಉಸಿರು ನಿಲ್ಲುವ ಜಾಗ ಪ್ರತಿಸಲ ಬೇರೆ. ಆದಿತಾಳದ ಆವರ್ತನದ ಮೇಲೆ ಐದರ ಅಥವಾ ಏಳರ ಜತಿ ಓಡಿಸಿ ಸಮಕ್ಕೆ ತಂದು ಕೂಡಿಸುವ ಲೆಕ್ಕ ಗೊತ್ತಿರುವವರಿಗೆ ಇದು ಒಂದೇ ಏಟಿಗೆ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ: ಇಲ್ಲಿ ಕೂಡುವಿಕೆ ಚಪ್ಪಾಳೆಯ ಜಾಗವಲ್ಲ, ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ.

ಟೆನರ್ ನಿಂತಮೇಲೆ ಮೋಟೆಟುಸ್, ಅದಾದ ಮೇಲೆ ಟ್ರಿಪ್ಲಮ್. ಫ್ರಾಂಕೊ ಕೊಟ್ಟ ನಿಯಮ: ಪ್ರತಿ ಮೂರೆಣಿಕೆಯ ಗುಂಪಿನ ಆರಂಭದಲ್ಲಿ ಹೊಂದುವ ಸ್ವರ ಇರಬೇಕು, ನಡುವೆ ಏನಾದರೂ ಆಗಲಿ. ಟೆನರ್‌ನ ಆ ಕ್ಷಣದ ಸ್ವರವನ್ನು ಸ ಎಂದುಕೊಂಡರೆ, ಮೇಲೆ ಸ, ಪ, ಮ ಇವು ಗಟ್ಟಿಯಾಗಿ ಹೊಂದುತ್ತವೆ. ಗ ಕೂಡ ನಡೆಯುತ್ತದೆ, ಆದರೆ ಅದನ್ನು ಅಪೂರ್ಣ ಹೊಂದಿಕೆ ಎಂದು ಕರೆದರು. ನಮಗೆ ಇಂಪೆನಿಸುವ ಧ ಅವರ ಪಟ್ಟಿಯಲ್ಲಿ ಅಪಸ್ವರದ ಕಡೆ ಬೀಳುತ್ತದೆ. ಒಂದು ಎಚ್ಚರ: ನಮ್ಮ ಷಡ್ಜ ಕಛೇರಿಯುದ್ದಕ್ಕೂ ಅಲುಗಾಡುವುದಿಲ್ಲ, ಇಲ್ಲಿ ಟೆನರ್ ಹೆಜ್ಜೆ ಇಟ್ಟಂತೆಲ್ಲ ‘ಸ’ವೂ ಅದರ ಜತೆ ನಡೆಯುತ್ತದೆ. ಒಂದು ಕ್ಷಣ ಹೊಂದಿದ್ದ ಸ್ವರವನ್ನು ಮೇಲಿನವನು ಹಾಗೇ ಹಿಡಿದು ನಿಂತರೆ, ಟೆನರ್ ಕೆಳಗಿನಿಂದ ಸರಿದ ಕೂಡಲೇ ಅದೇ ಸ್ವರ ಕಚ್ಚುತ್ತದೆ.

ಮೂರನೆಯ ದನಿ ಸೇರಿಸುವಾಗ ಬರುವ ತಾಪತ್ರಯ ನೋಡಿ. ಟೆನರ್‌ನಲ್ಲಿ ಸ ಇದೆ. ಮೋಟೆಟುಸ್ ಪ ಹಿಡಿದಿದೆ, ಹೊಂದಿತು. ಟ್ರಿಪ್ಲಮ್‌ಗೆ ಮ ಕೊಟ್ಟಿರಿ, ಅದೂ ಟೆನರ್ ಜತೆ ಹೊಂದುತ್ತದೆ. ಆದರೆ ಮ ಮತ್ತು ಪ ಪರಸ್ಪರ ಅಂಟಿಕೊಂಡು ಗುದ್ದಾಡುತ್ತವೆ. ಟೆನರ್ ಜತೆ ಹೊಂದದಿದ್ದರೆ ಎರಡನೆಯ ದನಿಯ ಜತೆಗಾದರೂ ಹೊಂದು, ಅದರ ಜತೆ ಹೊಂದದಿದ್ದರೆ ಟೆನರ್ ಜತೆಗಾದರೂ ಹೊಂದು ಎಂಬುದಷ್ಟೇ ಫ್ರಾಂಕೊ ಟ್ರಿಪ್ಲಮ್‌ಗೆ ಹೇಳುವುದು. ಎರಡರ ಜತೆಗೂ ಏಕಕಾಲಕ್ಕೆ ಹೊಂದಲೇಬೇಕೆಂಬ ಹಟ ಅವನಿಗಿಲ್ಲ. ಮೋಟೆಟ್‌ಗಳಲ್ಲಿ ನಡುನಡುವೆ ಕಿವಿಗೆ ತಾಕುವ ಒರಟು ಇಲ್ಲಿಂದ ಬಂದದ್ದು. ಅದು ತಪ್ಪಲ್ಲ, ಪದ್ಧತಿಯೇ ಕೊಟ್ಟ ಸಲಿಗೆ. ಈ ಒರಟನ್ನು ಮೆದು ಮಾಡಿ ಹಾಡುವವರನ್ನು ಕಂಡರೆ ಬೇಸರವಾಗುತ್ತದೆ. ಉಪ್ಪಿನಕಾಯಿಯಿಂದ ಉಪ್ಪು ತೊಳೆದ ಹಾಗೆ.

ಮುಕ್ತಾಯದ ಜಾಗದಲ್ಲಿ ಮಾತ್ರ ರಾಜಿಯಿಲ್ಲ. 14ನೇ ಶತಮಾನದ ಹೊತ್ತಿಗೆ ಪಳಗಿದ ಮುಕ್ತಾಯವನ್ನು ನಮ್ಮ ಸ್ವರಗಳಲ್ಲಿ ಬರೆದರೆ ಹೀಗೆ: ಟೆನರ್ ಚತುಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿಯುತ್ತದೆ, ಮೋಟೆಟುಸ್ ಪ್ರತಿಮಧ್ಯಮದಿಂದ ಪಂಚಮಕ್ಕೆ ಏರುತ್ತದೆ, ಟ್ರಿಪ್ಲಮ್ ಕಾಕಲಿ ನಿಷಾದದಿಂದ ತಾರಷಡ್ಜಕ್ಕೆ ಏರುತ್ತದೆ. ಕೊನೆಗೆ ಉಳಿಯುವುದು ಸ-ಪ-ಸ, ನಡುವೆ ಗಾಂಧಾರ ಇಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಈ ನಿಲುಗಡೆ ಪರಕೀಯ ಅನ್ನಿಸುವುದೇ ಇಲ್ಲ. ಗಾಂಧಾರ ಸೇರಿಸಿದ ಪಾಶ್ಚಾತ್ಯ ಮುಕ್ತಾಯಗಳಿಗೆ ಒಗ್ಗಿದವರಿಗೇ ಇದು ಖಾಲಿ ಕೇಳಿಸುತ್ತದೆ.

ಶ್ರುತಿಯ ಮಾತೂ ಇಲ್ಲೇ ಹೇಳಬೇಕು. ಅವರದು ಶುದ್ಧ ಪಂಚಮಗಳನ್ನು ಪೇರಿಸಿ ಪಡೆದ ಶ್ರುತಿ, 3:2ರ ಲೆಕ್ಕ. ಹಾಗೆ ಪೇರಿಸಿದಾಗ ಸಿಗುವ ಗಾಂಧಾರ 81:64, ಅಂದರೆ ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಹಂಚಿದರೆ ಸುಮಾರು 408ನೆಯದು. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ 5:4, ಸುಮಾರು 386. ಇಪ್ಪತ್ತೆರಡು ಸೆಂಟ್ ಮೇಲಿರುವ ಆ ಗಾಂಧಾರ ಕೂತಲ್ಲಿ ಕೂರುವುದಿಲ್ಲ, ಮುಂದಿನ ಪಂಚಮಕ್ಕೆ ಹೋಗಲು ತವಕಿಸುತ್ತದೆ. ಪ್ರತಿಮಧ್ಯಮದಿಂದ ಪಂಚಮಕ್ಕೆ ಇರುವ ಅಂತರವೂ ಸಣ್ಣದು, ಸುಮಾರು 90 ಸೆಂಟ್. ಇವೆರಡೂ ಸೇರಿ ಮುಕ್ತಾಯಕ್ಕೆ ಎಳೆತ ಬರುತ್ತದೆ. ಗಾಂಧಾರವನ್ನು ಇಂಪಾಗಿಸಲು ಕೆಳಗಿಳಿಸಿ ಹಾಡಿದರೆ ಎಳೆತ ಸತ್ತುಹೋಗುತ್ತದೆ, ನಿಲುಗಡೆ ಸಪ್ಪೆಯಾಗುತ್ತದೆ.

ಮತ್ತೆ ಪ್ಯಾರಿಸ್ಸಿಗೆ

ಈಗ ಆ ಮೋಟೆಟ್‌ನ ಒಂದು ಧ್ವನಿಮುದ್ರಣ ಹಾಕಿಕೊಂಡು ಮೂರು ಸಲ ಕೇಳಿ. ಮೊದಲ ಸಲ ಟೆನರ್ ಮಾತ್ರ: ಹಣ್ಣಿನ ಕೂಗು ಎಷ್ಟು ಸಲ ಬಂತು ಎಂದು ಬೆರಳಲ್ಲಿ ಎಣಿಸಿ. ನಾಲ್ಕು ಸಿಕ್ಕರೆ ಸರಿ. ಎರಡನೆಯ ಸಲ ಮೋಟೆಟುಸ್ ಹಿಂದೆ ಬೀಳಿ. ಅದರ ಎಂಟು ಸಾಲುಗಳಲ್ಲಿ ‘ಬೋನ್’ ಎಂಬ ಪದ, ಅಂದರೆ ಒಳ್ಳೆಯ, ಮತ್ತೆ ಮತ್ತೆ ಬರುವುದು ದಾರಿಗಲ್ಲಿನಂತೆ ನೆರವಾಗುತ್ತದೆ. ಮೂರನೆಯ ಸಲ ಟ್ರಿಪ್ಲಮ್. ಇದಕ್ಕೆ ಮೋಟೆಟುಸ್‌ನ ಸುಮಾರು ಒಂದೂವರೆ ಪಟ್ಟು ಮಾತು, ಅಷ್ಟೇ ಸಮಯ. ಹಾಗಾಗಿ ಅದು ವಟಗುಟ್ಟಲೇಬೇಕು.

ಟ್ರಿಪ್ಲಮ್ ತನ್ನ ಬೇಡಿಕೆಗಳನ್ನೆಲ್ಲ ಮುಂದಿಟ್ಟು, ಇದೆಲ್ಲ ಸಿಗುವುದು ಪ್ಯಾರಿಸ್ಸಿನಲ್ಲಿ ಎಂದು ಮುಗಿಸುತ್ತದೆ. ಅದರ ಕೊನೆಯ ಪದವೇ ಪ್ಯಾರಿಸ್. ಮೋಟೆಟುಸ್ ಶುರುವಾಗುವುದೇ ‘ಆ ಪಾರಿಸ್’, ಪ್ಯಾರಿಸ್ಸಿನಲ್ಲಿ, ಎಂದು. ಒಬ್ಬ ಹೊರಟ ಜಾಗಕ್ಕೆ ಇನ್ನೊಬ್ಬ ಬಂದು ಮುಟ್ಟುತ್ತಾನೆ. ಟೆನರ್ ಊರಿನ ಹೆಸರು ಹೇಳುವುದಿಲ್ಲ, ಅದೇ ಆ ಊರಿನ ಬೀದಿ. ಮಾತುಗಳು ಒಂದರ ಮೇಲೊಂದು ಬಿದ್ದು ಕೇಳದಾಗುವುದು ಈ ಕೃತಿಗೆ ಕುಂದಲ್ಲ, ಸಂತೆಯ ಮಧ್ಯೆ ನಿಂತವನಿಗೂ ಕೇಳುವುದು ಹೀಗೆಯೇ. ಆದರೆ ಹಾಡುವ ಮೂವರಿಗೆ ಮೂರೂ ಸಾಹಿತ್ಯ ಗೊತ್ತು, ಅವರ ಕೂಟದಲ್ಲಿ ಕೂತು ಕೇಳುವ ಓದಿದವರಿಗೂ ಗೊತ್ತಿರುವ ಸಾಧ್ಯತೆಯೇ ಹೆಚ್ಚು. ಮೋಟೆಟ್ ಒಂದೇ ಸಲ ಕೇಳಿ ಎದ್ದು ಹೋಗುವ ಪ್ರಕಾರವಲ್ಲ.

ಹಾಡಲು ಹೊರಟವರಿಗೆ ಕೆಲವು ಮಾತು. ಟ್ರಿಪ್ಲಮ್ ಮತ್ತು ಮೋಟೆಟುಸ್‌ಗಳ ಎತ್ತರ ಹೆಚ್ಚುಕಡಿಮೆ ಒಂದೇ. ಎರಡೂ ಒಂದನ್ನೊಂದು ದಾಟಿ ಹೋಗುತ್ತಿರುತ್ತವೆ. ಇವನ್ನು ಹೆಣ್ಣು ಕಂಠ, ಗಂಡು ಕಂಠ ಎಂದು ಹಂಚಿ ಒಂದು ಸ್ಥಾಯಿ ದೂರ ಮಾಡಿದರೆ ಹೆಣಿಗೆಯೇ ಬಿಚ್ಚಿಹೋಗುತ್ತದೆ. ಒಂದು ದನಿಗೆ ಒಬ್ಬರು ಸಾಕು. ಕಂಠ ನಡುಗಿಸಬೇಡಿ, ನಡುಗಿದರೆ ಶುದ್ಧ ಪಂಚಮ ಕೂರುವುದಿಲ್ಲ. ಅಭ್ಯಾಸದಲ್ಲಿ ಮೊದಲು ಟೆನರ್ ಮತ್ತು ಮೋಟೆಟುಸ್ ಸೇರಿ, ಆಮೇಲೆ ಟೆನರ್ ಮತ್ತು ಟ್ರಿಪ್ಲಮ್ ಸೇರಿ, ಕೊನೆಗೆ ಮೂರೂ. ಮಾತು ಹೆಚ್ಚಿರುವ ಟ್ರಿಪ್ಲಮ್ ತಾನೇ ನಾಯಕ ಎಂದುಕೊಂಡು ದನಿ ಏರಿಸುವುದು ಸಾಮಾನ್ಯ ಚಾಳಿ, ಅದನ್ನು ತಗ್ಗಿಸಬೇಕು. ವೇಗ ಗೊತ್ತು ಮಾಡುವುದು ಟ್ರಿಪ್ಲಮ್‌ನ ಅತಿ ಗಿಡ್ಡ ಅಕ್ಷರಗಳು: ಅವು ನಾಲಗೆಗೆ ದಕ್ಕುವ ವೇಗಕ್ಕಿಂತ ಹೆಚ್ಚು ಓಡುವಂತಿಲ್ಲ.

ಈ ಕೊನೆಯ ಸಂಗತಿಯೇ ಮೋಟೆಟ್‌ನ ಮುಂದಿನ ದಾರಿಯನ್ನು ಬದಲಿಸಿತು. ಫ್ರಾಂಕೊನ ಪದ್ಧತಿಯಲ್ಲಿ ಒಂದು ಬ್ರೆವಿಸ್‌ನಲ್ಲಿ ಎರಡು ಇಲ್ಲವೇ ಮೂರು ಸೆಮಿಬ್ರೆವಿಸ್ ಹಿಡಿಸುತ್ತಿದ್ದವು. ಪೆತ್ರುಸ್ ದೆ ಕ್ರೂಚೆ ಎಂಬ ಸಂಗೀತಕಾರ ಅದೇ ಜಾಗದಲ್ಲಿ ಏಳರವರೆಗೆ ತುಂಬಿದ. ಅವನ ಕೃತಿಗಳೂ ಮೊಂಪೆಲಿಯೆಯ ಅದೇ ಏಳನೆಯ ವಿಭಾಗದಲ್ಲಿವೆ. ಏಳು ಅಕ್ಷರ ಉಚ್ಚರಿಸಲು ಹೊತ್ತು ಬೇಕು. ಬ್ರೆವಿಸ್ ನಿಧಾನವಾಯಿತು, ಅದರ ಮೂರು ಪಟ್ಟಿರುವ ಟೆನರ್‌ನ ಲಾಂಗ ಇನ್ನೂ ನಿಧಾನವಾಯಿತು. ಟೆನರ್ ರಾಗವಾಗಿ ಕೇಳುವುದು ನಿಂತು ಒಂದೊಂದೇ ಕಂಬದಂತೆ ಕೇಳತೊಡಗಿತು. ಟ್ರಿಪ್ಲಮ್ ಮಾತ್ರ ಮುಂದೆ ಬಂದು ಹಾಡಿನಂತಾಯಿತು.

ರಾಗ ಕೇಳಿಸದ ಮೇಲೆ ಟೆನರ್‌ಗೆ ಉಳಿದದ್ದು ಲೆಕ್ಕ. 14ನೇ ಶತಮಾನದವರು, ಮುಖ್ಯವಾಗಿ ಫಿಲಿಪ್ ದೆ ವಿತ್ರಿ ಮತ್ತು 23 ಮೋಟೆಟ್ ಬರೆದ ಗಿಯೋಮ್ ದೆ ಮಶೋ, ಆ ಲೆಕ್ಕವನ್ನೇ ದೊಡ್ಡದು ಮಾಡಿದರು. ಮೇಲೆ ಕಂಡ ಮೂರು ಸ್ವರದ ಅಚ್ಚು ಹತ್ತಾರು ಎಣಿಕೆಗಳಷ್ಟು ಉದ್ದವಾಯಿತು. ಅದಕ್ಕೆ ತಾಲೆಯ ಎಂದು ಹೆಸರು, ಲ್ಯಾಟಿನ್ನಿನಲ್ಲಿ ಕಡಿದ ತುಂಡು ಎಂದರ್ಥ. ನಮ್ಮ ತಾಳಕ್ಕೂ ಅದಕ್ಕೂ ಉಚ್ಚಾರದ ಹೋಲಿಕೆ ಬಿಟ್ಟರೆ ನಂಟಿಲ್ಲ. ರಾಗದ ಸುತ್ತಿಗೆ ಕೊಲೊರ್ ಎಂದರು. ಎರಡೂ ಹೇಗೆ ಕೂಡಿಕೊಳ್ಳುತ್ತವೆ ಎನ್ನಲು ಸಣ್ಣ, ಸ್ಪಷ್ಟ ಉದಾಹರಣೆ ಮಶೋನದ್ದೇ, ಮೋಟೆಟ್ ಅಲ್ಲ, ಅವನು ಚರ್ಚಿನ ಪೂಜೆಗೆಂದು ಕಟ್ಟಿದ ಮಾಸ್‌ನ ಮೊದಲ ಕೀರಿಯೆ (‘ಕರುಣಿಸು ಪ್ರಭು’ ಎಂಬ ಪ್ರಾರ್ಥನೆ): ಟೆನರ್‌ನಲ್ಲಿ 28 ಸ್ವರ, ತಾಲೆಯದಲ್ಲಿ 4, ಅಚ್ಚು 7 ಸಲ ಸುತ್ತುತ್ತದೆ. ಈ ಬಗೆಯ ಕಟ್ಟುವಿಕೆಗೆ ಈಗ ಹೇಳುವ ‘ಐಸೊರಿದಂ’ ಎಂಬ ಪದ ಮಾತ್ರ ಆ ಕಾಲದ್ದಲ್ಲ, ಫ್ರೀಡ್ರಿಕ್ ಲುಡ್ವಿಗ್ ಎಂಬ ಜರ್ಮನ್ ವಿದ್ವಾಂಸ 1904ರಲ್ಲಿ ಬಳಕೆಗೆ ತಂದದ್ದು. ಇದೇ ತಲೆಮಾರು ಮೂರರ ಜತೆಗೆ ಎರಡರ ಗುಂಪಿಗೂ ಸಮಾನ ಸ್ಥಾನ ಕೊಟ್ಟಿತು, ನಡುವೆ ಲೆಕ್ಕ ಮೂರರಿಂದ ಎರಡಕ್ಕೆ ತಿರುಗುವಾಗ ಸ್ವರಗಳನ್ನು ಕೆಂಪು ಶಾಯಿಯಲ್ಲಿ ಬರೆಯಿತು. ಅವಿನ್ಯೊನ್‌ನಲ್ಲಿ ಕೂತಿದ್ದ ಪೋಪ್ 22ನೇ ಜಾನ್‌ಗೆ ಇದು ಹಿಡಿಸಲಿಲ್ಲ. 1324–25ರ ಆಜ್ಞೆಯಲ್ಲಿ ಅವನ ದೂರು: ಸ್ವರಗಳನ್ನು ಚೂರುಚೂರು ಮಾಡುತ್ತಾರೆ, ಉಸಿರುಸಿರಿಗೆ ತುಂಡರಿಸುತ್ತಾರೆ, ದೇವರ ಹಾಡಿಗೆ ಆಡುಭಾಷೆಯ ಟ್ರಿಪ್ಲಮ್ ಮೋಟೆಟುಸ್‌ಗಳನ್ನು ತುರುಕುತ್ತಾರೆ.

ಬೀದಿಯ ಕೂಗಿನ ಮೋಟೆಟ್‌ನಲ್ಲಿ ಅಂಥ ಕಂಬದ ಟೆನರ್ ಇಲ್ಲ, ಅಳೆದು ಸುರಿದ ಲೆಕ್ಕವೂ ಇಲ್ಲ. ಮೊದಲ ಮೋಟೆಟ್ ಆಗಿ ಅದನ್ನು ಕೇಳಿ ಎನ್ನುವುದು ಅದಕ್ಕೇ. ಕೇಳುವಾಗ ಮೋಟೆಟುಸ್‌ನ ಕೊನೆಯ ಸಾಲನ್ನು ತಪ್ಪಿಸಿಕೊಳ್ಳಬೇಡಿ. ಟ್ರಿಪ್ಲಮ್ ಹೆಂಗಸರು, ಕೋಳಿ, ವೈನು ಎಂದು ಮುಗಿಸಿ ಊರಿನ ಹೆಸರು ಹೇಳುವ ಹೊತ್ತಿಗೆ, ಟೆನರ್ ನಾಲ್ಕನೆಯ ಸಲ ಬ್ಲ್ಯಾಕ್‌ಬೆರಿ ಕೂಗುವ ಹೊತ್ತಿಗೆ, ಆ ನಡುವಿನ ದನಿ ಹೇಳುತ್ತಿರುವುದು ಇಷ್ಟು: ಕೈಯಲ್ಲಿ ಕಾಸಿಲ್ಲದವರಿಗೆ ಕಡಿಮೆ ದರದ್ದೂ ಸಿಗುತ್ತದೆ.